ಕೋಟೆ ಉಚ್ಚಂಗಪ್ಪನ ಆನೆಗಳು

“ಬರ್ರಿ, ಬರ್ರಿ! ಈ ಮುರಿದ ಕಲ್ಲು ಐತಲ್ಲ, ಇದು ಆನೆ ಕಟ್ಟೋ ಕಂಬ ಕಣ್ರಿ. ನಮ್ಮ ರಾಜರ ಹತ್ರ ಐನೂರು ಆನೆ ಇದ್ವು. ಒಂದೊಂದಕ್ಕೂ ಬೆಳಗ್ಗೆ ಬಿಸಿನೀರು ಸ್ನಾನ, ಆಮೇಲೆ ಬೆಲ್ಲದ ಕಾಫಿ. ನಗಬ್ಯಾಡ್ರಿ, ಅರಮನೆ ಆನೆ ಅಂದ್ರೆ ಸುಮ್ನೆ ಅಲ್ಲ!” ಆನವಟ್ಟಿ ಬಸ್ಸಿಳಿದು ಕೋಟೆ ನೋಡಲು ಬಂದವರಿಗೆಲ್ಲ ಉಚ್ಚಂಗಪ್ಪ ಹೇಳುವುದು ಹೀಗೆ. ಅವರ ಮನೆ ಕೋಟೆಯೊಳಗೇ, ಬಿದ್ದ ಹೆಬ್ಬಾಗಿಲಿನ ಪಕ್ಕ. ಯಾರೂ ಕರೆಯದಿದ್ದರೂ ಹೆಗಲಿಗೆ ಟವೆಲ್ ಹಾಕಿಕೊಂಡು ಮುಂದೆ ನಡೆಯುತ್ತಾರೆ. ಹೊಂಡ ತೋರಿಸಿ ಸಮುದ್ರ ಎನ್ನುತ್ತಾರೆ, ಹೆಗ್ಗಣದ ಬಿಲ ತೋರಿಸಿ ಬನವಾಸಿಗೆ ಹೋಗುವ ಸುರಂಗ ಎನ್ನುತ್ತಾರೆ. ಆನೆಗಳ ಕಥೆ ಮಾತ್ರ ತಮ್ಮ ಮನೆ ಜಗಲಿಯ ಎದುರೇ ನಿಂತು, ಗಟ್ಟಿ ದನಿಯಲ್ಲಿ. ಮೊದಲು ಅವರ ಕಥೆಯಲ್ಲಿ ಹತ್ತೇ ಆನೆ ಇದ್ದವು; ಇನ್ನೊಂದು ಸೇರಿಸಿದರೆ ಸಾಕು, ಜಗಲಿಯಲ್ಲಿ ಕೂತ ಹೆಂಡತಿ ಲೋಕಮ್ಮ, “ಸಾಕು ಮಾಡ್ರಿ, ಅಷ್ಟು ಲದ್ದಿ ಎತ್ತೋರು ಯಾರು?” ಎಂದು ಬೈಯುತ್ತಿದ್ದರು. ಹೋದ ಯುಗಾದಿಗೆ ಲಕ್ವ ಹೊಡೆದು ಆಕೆಯ ಮಾತು ನಿಂತಿತು. ಅಂದಿನಿಂದ ಕಥೆಯ ಆನೆಗಳ ಲೆಕ್ಕ ಏರುತ್ತಲೇ ಇದೆ. ಒಮ್ಮೆಯಾದರೂ ಬೈದಾಳು ಎಂಬ ಆಸೆಯಿಂದ, ಕಥೆ ಮುಗಿಸಿದ ಮೇಲೆ ಉಚ್ಚಂಗಪ್ಪ ಜಗಲಿಯ ಕಡೆ ಕಿವಿಗೊಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಬಂದವರು ಹೊರಟ ಮೇಲೆ ಆಕೆಯ ಹಿಂದೆ ಕೂತು, ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ತಲೆ ಬಾಚುತ್ತಾರೆ.