ಷಡಕ್ಷರಿಯ ತೂಕದ ಚೀಟಿ

ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಟೈಪಿಸ್ಟಾಗಿದ್ದ ಷಡಕ್ಷರಿ ತೊಂಬತ್ತಾರನೇ ಇಸವಿಯಲ್ಲಿ ಟೈಫಾಯಿಡ್ ಬಂದು ನಲವತ್ತೊಂದು ಕೆ.ಜಿ.ಗೆ ಇಳಿದುಬಿಟ್ಟ. ದುಬಾರಿ ಟಾನಿಕ್ಕು ಬೇಡ, ನೆನೆಸಿದ ಕಡಲೆಕಾಯಿ ಬೀಜ, ಬೆಲ್ಲ, ರಾಗಿ ಗಂಜಿ, ದಿನಕ್ಕೆರಡು ಪಚ್ಚಬಾಳೆ ಸಾಕು, ನಿಧಾನವಾಗಿ ತುಂಬಿಕೊಳ್ಳುತ್ತೀರಿ ಎಂದರು ಡಾಕ್ಟರು. ಅವನೂ ವ್ರತದಂತೆ ತಿಂದ. ಪ್ರತಿ ಭಾನುವಾರ ರೈಲ್ವೆ ಸ್ಟೇಷನ್ನಿನ ಯಂತ್ರಕ್ಕೆ ನಾಣ್ಯ ಹಾಕಿ ತೂಕದ ಚೀಟಿ ತರುತ್ತಿದ್ದ.

ಎಂಟು ತಿಂಗಳಿಗೆ ಚೀಟಿ ಐವತ್ತು ತೋರಿಸಿತು. ಪ್ಯಾಂಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು. ಆದರೂ ತಾಯಿ ಗಿರಿಜಾಂಬಾ ದಿನಾ ತಟ್ಟೆಯ ಮುಂದೆ ಕೂತು ಅದೇ ಮಾತು ಹೇಳುತ್ತಿದ್ದರು: "ಬರೀ ಮೂಳೆ ಕಣಪ್ಪ ನೀನು, ಇಳಿದೋಗಿದ್ದೀಯ."

ಯಂತ್ರ ಕೆಟ್ಟಿದೆಯೋ, ತಾಯಿಯ ಕಣ್ಣು ಮಂಜಾಗಿದೆಯೋ ತಿಳಿಯದೆ ಅವನು ಕೊನೆಗೆ ಚೀಟಿಯನ್ನೇ ಅವರ ಮುಂದೆ ಹಿಡಿದ. ಗಿರಿಜಾಂಬಾ ಅದನ್ನು ಕಿತ್ತುಕೊಂಡು, ಉಪ್ಪು ಮೆಣಸಿನಕಾಯಿ ಜೊತೆ ಅವನ ಮುಖಕ್ಕೆ ನಿವಾಳಿಸಿ ಬಚ್ಚಲೊಲೆಗೆ ಹಾಕಿಬಿಟ್ಟರು.

"ಮೈ ತುಂಬ್ಕೊಂಡಿದ್ದೀಯ ಅಂತ ಹೆತ್ತೋಳು ತನ್ನ ಬಾಯಲ್ಲೇ ಅಂತಾಳಾ? ದೃಷ್ಟಿ ಆಗಲ್ವಾ?"

"ಮತ್ತೆ ಜ್ವರದಲ್ಲಿ ಮಲಗಿದ್ದಾಗ ಚೆನ್ನಾಗಿದ್ದೀಯ ಅಂತ ದಿನಾ ಅಂತಿದ್ಯಲ್ಲಮ್ಮ?"

"ಆವಾಗ ನಿಂಗೆ ಧೈರ್ಯ ಹೇಳ್ಬೇಕಿತ್ತು ಕಣಪ್ಪ."

ಷಡಕ್ಷರಿಗೆ ತಲೆ ಕೆಟ್ಟುಹೋಯಿತು. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಗಿರಿಜಾಂಬಾ ಗಂಜಿ ಲೋಟ ಕೊಡುತ್ತಾ ಮಗನ ಮುಖವನ್ನೇ ದಿಟ್ಟಿಸಿ ನೋಡಿ, "ಪರವಾಗಿಲ್ಲ, ಈಗ ಚೆನ್ನಾಗಿದ್ದೀಯ" ಎಂದರು.

ಅವನು ಲೋಟವನ್ನು ಕೆಳಗಿಟ್ಟು, ಭಾನುವಾರಕ್ಕೂ ಕಾಯದೆ, ಜೇಬಿಗೆ ನಾಣ್ಯ ಹಾಕಿಕೊಂಡು ಸ್ಟೇಷನ್ನಿಗೆ ಸೈಕಲ್ ತುಳಿದ.