ಹೆಸರು ಹಾಕುವ ಜಾಗ

ಮೊನ್ನೆ ಸೊಸೆ ಹೊನ್ನಾವರದ ಮೀನುಪೇಟೆಯಿಂದ ಒಣಶೆಟ್ಲಿ, ಅದೇ ಒಣಗಿಸಿದ ಸಿಗಡಿ, ತಂದಳು. ಪೊಟ್ಟಣ ಬಿಚ್ಚಿದ್ದೇ ವಾಸನೆ ಒಳಗೆ ಬಂತು, ಅದರ ಹಿಂದೆಯೇ ಅಕ್ಕೋರು ಬಂದರು. ಅವರು ಸತ್ತು ಎಷ್ಟೋ ಮಳೆಗಾಲ ಆಯಿತು...

ಶಾಲೆಯ ಅಕ್ಕೋರಲ್ಲ. ಪಕ್ಕದ ಮನೆಯವರು, ಗಂಡನಿಲ್ಲದವರು, ಒಣಮೀನು ಮಾರಿ ಬದುಕಿದವರು. ನಮ್ಮ ಇಗರ್ಜಿಯ ಮಕ್ಕಳಿಗೆ ಪ್ರಾರ್ಥನೆ ಕಲಿಸುತ್ತಿದ್ದರು, ಅದಕ್ಕೇ ಆ ಹೆಸರು. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ನನಗೆ ಪ್ರಾರ್ಥನೆ ಎಂದರೆ ಮೊಣಕಾಲೂರಿ ಬಾಯಿಪಾಠ ಒಪ್ಪಿಸುವುದು. ಅವರು ಹಾಗಲ್ಲ. ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ, ಶೆಟ್ಲಿಯ ತಲೆ, ಬಾಲ ಮುರಿಯಲು ಕೊಟ್ಟು, ಬೈಬಲಿನಿಂದ ಒಂದೇ ಒಂದು ಮಾತು ಓದಿಸುವರು. ಆ ಮಾತು ಹಿಡಿದುಕೊಂಡು ದೇವರ ಜೊತೆ ಮಾತಾಡಬೇಕು.

ಒಮ್ಮೆ, ಸತ್ತ ಹುಡುಗಿಯ ಕೈಹಿಡಿದು ಯೇಸುಸ್ವಾಮಿ ಏಳು ಎಂದ ಕಥೆ ಓದಿಸಿದರು.

"ಆ ಹುಡುಗಿ ಹೆಸರು ಬರೀಲಿಲ್ಲ. ಎಂತಕ್ಕೆ ಹೇಳಿ? ನಿಮ್ಮ ಹೆಸರು ಹಾಕೂಕೆ ಜಾಗ ಬಿಟ್ಟದ್ದು," ಎಂದರು.

ನನ್ನ ಸಣ್ಣ ಮಗಳಿಗೆ ಆಗ ಆರು ವರ್ಷ. ಅವಳು ತನ್ನ ಹೆಸರು ಹಾಕಲಿಲ್ಲ, ಅಕ್ಕನದು ಹಾಕಿದಳು. ಮರುದಿನ ಬೆಳಿಗ್ಗೆ ಚಾಪೆಯಲ್ಲಿ ಮಲಗಿದ್ದ ಅಕ್ಕನ ಕೈ ಎಳೆದು, "ಏಳೇ, ದೇವ್ರು ಕರೀತಾ ಇದ್ದ!" ಎಂದಳು.

"ನಿನ್ನ ದೇವ್ರನ್ನೇ ಶಾಲೆಗೆ ಕಳ್ಸು," ಎಂದು ದೊಡ್ಡವಳು ಮುಸುಕೆಳೆದಳು. ದಿನಾ ಇದೇ ಆಟ... ನಾನೂ ನಗುತ್ತಿದ್ದೆ.

ಆ ಮಳೆಗಾಲ ದೊಡ್ಡವಳಿಗೆ ಜ್ವರ ಬಂತು. ಐದನೇ ದಿನ ಆಸ್ಪತ್ರೆಯಿಂದ ಹೆಣವಾಗಿ ಬಂದಳು. ನಡುಮನೆಯಲ್ಲಿ ಮಲಗಿಸಿದೆವು. ಸಣ್ಣವಳು ಜನರ ಕಾಲಸಂದಿಯಿಂದ ನುಸುಳಿ ಬಂದು, ಅಕ್ಕನ ಕೈಹಿಡಿದು "ಏಳೇ" ಎಂದಳು. ಮತ್ತೊಮ್ಮೆ ಎಂದಳು. ಆಮೇಲೆ ಅಕ್ಕೋರ ಮುಖ ನೋಡಿದಳು, ತಾನು ಎಲ್ಲೋ ತಪ್ಪಾಗಿ ಹೇಳಿದೆನೋ ಎಂಬಂತೆ.



ಸಣ್ಣವಳು ಅಳಲೇ ಇಲ್ಲ. ಮಾತೂ ಕಮ್ಮಿ, ಊಟವೂ ಕಮ್ಮಿ. ತಿಂಗಳಾದ ಮೇಲೆ ಅಕ್ಕೋರು ಬಂದು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಗೆಳೆಯ ಸತ್ತಾಗ ಯೇಸುಸ್ವಾಮಿ ಅತ್ತದ್ದನ್ನು ಹೇಳುತ್ತಿದ್ದರು.

"ಅವನೂ ಅತ್ತ, ಮಗಾ. ಇವತ್ತಿಗೆ ಇಷ್ಟೇ ಪ್ರಾರ್ಥನೆ. ಆತಾ?"

ಸಣ್ಣವಳು ಅವರ ಮಡಿಲಿಗೆ ಬಿದ್ದು ಬಿಕ್ಕಿದಳು.

ನನಗೆ ತಡೆಯಲಾಗಲಿಲ್ಲ, ಹೊರಗೆ ಬಂದೆ. "ಸತ್ತವಳು ಏಳ್ತಾಳೆ ಅಂತ ಆಸೆ ಹುಟ್ಟಿಸಿದ್ದು ಸಾಲ್ದಾ? ಈಗ ಇವಳನ್ನ ಅಳಿಸೂಕೆ ಬಂದ್ರಾ? ನಡೀರಿ. ನಿಮ್ಮ ಪಾಠ ಈ ಮನೆಗೆ ಬ್ಯಾಡ."

"ಅಳ್ಲಿ ಬಿಡೇ ತಂಗಿ," ಎಂದರು, ಅಷ್ಟೇ.

ಮಗಳನ್ನು ಅವರ ಮಡಿಲಿನಿಂದ ಕಿತ್ತು ಒಳಗೆ ತಂದು ಬಾಗಿಲು ಹಾಕಿದೆ. ಅವಳ ಅಳು ಅಲ್ಲಿಗೇ ನಿಂತಿತು.

ಅಕ್ಕೋರು ಸಾಯುವವರೆಗೂ ನಾನು ಅವರ ಜೊತೆ ಮಾತಾಡಲಿಲ್ಲ. ಮಣ್ಣಿಗೆ ಹೋದೆ, ಒಂದು ಹಿಡಿ ಹಾಕಿದೆ, ಬಂದೆ. ತಪ್ಪಾಯಿತು ಎನ್ನಲು ನಾಲಗೆ ಎದ್ದಾಗ ಕೇಳಬೇಕಾದವರು ಪೆಟ್ಟಿಗೆಯೊಳಗಿದ್ದರು.

ಸಣ್ಣವಳಿಗೆ ನಾನೇ ಕಲಿಸಿದೆ, ಮೊಣಕಾಲೂರಿಸಿ, ಬಾಯಿಪಾಠ. ಒಂದಕ್ಷರ ತಪ್ಪದೆ ಒಪ್ಪಿಸಿದಳು, ಮದುವೆಯಾಗುವವರೆಗೆ. ಈಗ ಭಟ್ಕಳದಲ್ಲಿದ್ದಾಳೆ. ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಸಂಜೆ ನಾವೆಲ್ಲ ಜಪಸರ ಹಿಡಿದು ಕೂತಾಗ ಅವಳು ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಹೋಗುತ್ತಾಳೆ. ಬಟ್ಟೆ ಹಾಕಿಲ್ಲದ ದಿನವೂ ಹೋಗುತ್ತಾಳೆ.

ನಾನು ಕರೆಯುವುದಿಲ್ಲ. ಯಾವ ಬಾಯಲ್ಲಿ ಕರೆಯಲಿ?