ಹಳೇ ಕಡೆಯ ಗಡಿಯಾರ

ಕೆಂಚಾರ್ಲಹಳ್ಳಿಯಲ್ಲಿ ಯಾರ ಮನೆಯ ಮದುವೆಯಾದರೂ ಕಾರ್ಡು ತಯಾರಾಗುವುದು ತನುಜಳ ಪಡಸಾಲೆಯ ಕಂಪ್ಯೂಟರಿನಲ್ಲಿ. ಬರುತ್ತಾರೆ, ಹೆಸರು ಸರಿಯಿದೆಯಾ ನೋಡುತ್ತಾರೆ, ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಗಂಡನಿಲ್ಲದವಳನ್ನು ಮದುವೆಗೆ ಕರೆಯಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಇಂಥ ಜಾಣ ಮರೆವು ನಮ್ಮ ಕಡೆ ಬೇಕಾದಷ್ಟಿದೆ. ಮೊದಮೊದಲು ಅವಳಿಗೆ ಸಂಕಟವಾಗುತ್ತಿತ್ತು. ಈಗ ಕಾರ್ಡು ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾಳೆ.

ಕಂಪ್ಯೂಟರು ಗಂಡ ಗಂಗರಾಜು ತಂದದ್ದು. ಟೈಪು ಕಲಿಸಿದ್ದೂ ಅವನೇ. ಆನ್ ಮಾಡಿದರೆ ಮೊದಲು ಅವನ ಹೆಸರು, ಆಮೇಲೆ ಅಂಬಾಜಿದುರ್ಗದ ಬೆಟ್ಟದ ಫೋಟೊ. ಅವನೇ ತೆಗೆದದ್ದು, ಮೂಲೆಯಲ್ಲಿ ಹೆಬ್ಬೆರಳೂ ಬಿದ್ದಿದೆ. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ, ಹತ್ತು ಗಂಟೆಗೆ, “ಊಟಕ್ಕೆ ಬಂದ್ಬಿಡ್ತೀನಿ” ಎಂದು ಕಾರ್ಡ್ ತರಲು ಚಿಂತಾಮಣಿಗೆ ಬೈಕ್ ಹತ್ತಿದವನು ದಾರಿಯಲ್ಲೇ ಲಾರಿಗೆ ಸಿಕ್ಕಿ ತೀರಿಕೊಂಡ. ಅವತ್ತಿನ ಸಾರು ಒಲೆಯ ಮೇಲೇ ಹಳಸಿತು.

ಈಚೆಗೆ ಕಂಪ್ಯೂಟರು ಮುಷ್ಕರ ಹೂಡಿತ್ತು. ಗಿರಾಕಿಗಳು ಕಳಿಸಿದ ಫೋಟೊ ತೆರೆಯದು, ಇಂಟರ್‌ನೆಟ್ ಹತ್ತದು. ಚಿಂತಾಮಣಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಚಿರಂಜೀವಿ ಬಂದು ನೋಡಿದ.

“ಇದರ ಕಾಲ ಮುಗೀತಕ್ಕ. ಎಲ್ಲಾ ಅಳಿಸಿ ಹೊಸ ಸಿಸ್ಟಮ್ ಹಾಕ್ಬಿಡ್ತೀನಿ. ನಿಮ್ಮ ಫೈಲೆಲ್ಲ ಕಾಪಿ ಮಾಡಿ ಕೊಡ್ತೀನಿ.”

“ಫೈಲು ಬರ್ತವೆ ಕಣಪ್ಪ. ಆನ್ ಮಾಡಿದಾಗ ಅವರ ಹೆಸರು ಬಂದು, ಬೆಟ್ಟ ಬರ್ತದಲ್ಲ, ಅದು?”

ಚಿರಂಜೀವಿ ತಲೆ ಕೆರೆದುಕೊಂಡ. “ಹಂಗಾದ್ರೆ ಹಳೇದರ ಪಕ್ಕದಲ್ಲೇ ಲಿನಕ್ಸ್ ಅಂತ ಇನ್ನೊಂದು ಸಿಸ್ಟಮ್ ಹಾಕಣ. ಆನ್ ಮಾಡಿದಾಗ ಯಾವ್ದು ಬೇಕು ಅಂತ ಅದೇ ಕೇಳ್ತದೆ. ಆದ್ರೆ ಜಾಗ ಭಾಗ ಮಾಡುವಾಗ ಕೈ ತಪ್ಪಿದ್ರೆ ಹಳೇದು ಪೂರಾ ಹೋಗ್ಬಿಡ್ತದೆ. ಆಮೇಲೆ ನನ್ನ ಬೈಬೇಡಿ.”

“ನಾನೇ ಮಾಡ್ತೀನಿ. ಹೋದ್ರೆ ನನ್ನ ಕೈಯಿಂದ್ಲೇ ಹೋಗ್ಲಿ.”

ಅವನು ಪೆನ್‌ಡ್ರೈವ್ ಕೊಟ್ಟು, ಒತ್ತಬೇಕಾದದ್ದನ್ನೆಲ್ಲ ಹೇಳಿಕೊಟ್ಟು ಹೋದ.

ಭಾನುವಾರ ಊರೆಲ್ಲ ಯಾರದೋ ಮದುವೆಗೆ ಹೋಗಿತ್ತು. ತನುಜ ಬಾಗಿಲು ಹಾಕಿ, ಪೆನ್‌ಡ್ರೈವ್ ಸಿಕ್ಕಿಸಿ ಕೂತಳು. ಪರದೆಯ ಮೇಲೆ ಎರಡು ದಾರಿ: ಎಲ್ಲ ಅಳಿಸಿ ಹಾಕುವುದು, ಇಲ್ಲವೇ ಪಕ್ಕದಲ್ಲಿ ಹಾಕುವುದು. ಎರಡರ ನಡುವೆ ಬೆರಳಗಲದ ಜಾಗವೂ ಇಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡನೆಯದನ್ನು ಒತ್ತಿದಳು.

ಆಮೇಲೆ ಹಳೆಯದಕ್ಕೆಷ್ಟು, ಹೊಸದಕ್ಕೆಷ್ಟು ಎಂದು ಜಾಗ ಭಾಗ ಮಾಡುವ ಗೆರೆ ಬಂತು. ಗೇಣು ಬದುವಿಗೆ ಅಣ್ಣತಮ್ಮಂದಿರು ತಲೆ ಒಡೆದುಕೊಳ್ಳುವ ಊರು ಇದು. ತನುಜ ಗೆರೆಯನ್ನು ಎಳೆದೆಳೆದು ಮುಕ್ಕಾಲು ಪಾಲಿಗೂ ಹೆಚ್ಚು ಗಂಡನಿಗೇ ಬಿಟ್ಟಳು. ದಿನಾ ದುಡಿಯಬೇಕಾದ ಹೊಸದಕ್ಕೆ ಕೊಟ್ಟಿಗೆಯಷ್ಟು ಜಾಗ. ಹೀಗೆ ಭಾಗ ಮಾಡಿದ ಪುಣ್ಯಾತ್ಗಿತ್ತಿ ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಾರಳು.

ಮುಗಿಯುವವರೆಗೂ ಕಂಪ್ಯೂಟರಿನ ಡಬ್ಬಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು, ಜ್ವರ ಬಂದವರ ಹಣೆ ಮುಟ್ಟಿ ಕೂತ ಹಾಗೆ. ಆಫಾಗಿ ಆನಾಯಿತು. ಯಾವುದು ಬೇಕೆಂದು ಕೇಳಿತು. ಹಳೆಯದನ್ನು ಒತ್ತಿದಳು. ಗಂಗರಾಜುವಿನ ಹೆಸರು ಬಂತು, ಬೆಟ್ಟ ಬಂತು, ಹೆಬ್ಬೆರಳೂ ಬಂತು. ಅವಳು ಗಟ್ಟಿಯಾಗಿ ಅತ್ತಳು. ಕೇಳುವವರು ಬೀದಿಯಲ್ಲೂ ಇರಲಿಲ್ಲ.

ಕಣ್ಣೊರೆಸಿಕೊಂಡಾಗ ಪರದೆಯ ಮೂಲೆಯ ಗಡಿಯಾರ ಕಂಡಿತು. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಮೂರು, ಇಲ್ಲಿ ಬೆಳಗಿನ ಒಂಬತ್ತೂವರೆ. ಏನೋ ಕೆಟ್ಟಿತೆಂದು ಚಿರಂಜೀವಿಗೆ ಫೋನ್ ಮಾಡಿದಳು.

“ಏನೂ ಆಗಿಲ್ಲಕ್ಕ. ಎರಡು ಸಿಸ್ಟಮ್ ಒಟ್ಟಿಗಿದ್ರೆ ಹಂಗೇನೆ. ಹೊಸದು ಒಳಗಡೆ ಲಂಡನ್ ಟೈಮ್ ಇಟ್ಟಿರ್ತದೆ. ಹಳೇದು ಅದನ್ನೇ ನಮ್ಮ ಟೈಮ್ ಅನ್ಕೊಂಡು ಹಿಂದೆ ತೋರಿಸ್ತದೆ. ಒಂದು ಲೈನ್ ಹೇಳ್ತೀನಿ, ಟೈಪ್ ಮಾಡಿ, ಸರಿಹೋಗ್ತದೆ.”

ತನುಜ ಮೂಲೆಯನ್ನೇ ನೋಡುತ್ತಿದ್ದಳು. ಒಂಬತ್ತೂವರೆ. ಗಂಗರಾಜು ಇನ್ನೂ ಬೈಕ್ ಹತ್ತಿಲ್ಲ, ತಿಂಡಿಗೆ ಕೂತಿರುವ ಹೊತ್ತು.

“ಅಕ್ಕ, ಹೇಳ್ಲಾ?”

“ಬೇಡ ಬಿಡಪ್ಪ. ಹಂಗೇ ಇರ್ಲಿ.”

ಈಗ ಕೆಲಸವೆಲ್ಲ ಹೊಸದರಲ್ಲಿ. ಮಧ್ಯಾಹ್ನ ಮೂರಾದರೆ ಮಾತ್ರ ಟೀ ಲೋಟ ಹಿಡಿದು ಹಳೆಯದನ್ನು ತೆರೆಯುತ್ತಾಳೆ. ಅವತ್ತು ಯಾರು ಬಂದರು, ಯಾರ ಮದುವೆ, ಏನು ಅಡುಗೆ ಎಂದು ಬೆಟ್ಟದ ಮೂಲೆಯ ಹೆಬ್ಬೆರಳಿಗೆ ಹೇಳುತ್ತಾಳೆ. ಅಲ್ಲಿ ಹತ್ತಾಗುವ ಮೊದಲೇ ಮುಚ್ಚಿಬಿಡುತ್ತಾಳೆ.